ಎಂಟು ದಿನ ಮುಟ್ಟಬೇಡ

ನಿನ್ನೆ ಸಂಜೆ ಎರಡೆರಡು ಮೆಟ್ಟಿಲು ಹಾರಿ ಬಂದು, ಏದುಸಿರು ಬಿಡುತ್ತ, ನನ್ನ ಮುಂದೆ ಅಂಗೈ ಚಾಚಿದೆಯಲ್ಲ, "ಅಜ್ಜಿ, ಸ್ವಚ್ಛ ಮಾಡೀನಿ ನೋಡ್ರಿ, ಹೆಂಗ ಹೊಳೀತೈತಿ!" ಅಂತ. ನೋಡಿದೆ ತಂಗಿ. ಗೊಂಬೆಗಿಂತ ಮೊದಲು ನಿನ್ನ ಬೆರಳು ಕಂಡವು. ಐದೂ ಕೆಂಪು. ಮದರಂಗಿ ಹಚ್ಚಿಕೊಂಡಿದ್ದೀಯೇನೋ ಅಂದುಕೊಂಡೆ.

ಆ ಕೆಂಪು ಎಲ್ಲಿಂದ ಬಂತು? ಮೋಡಕಾ ಅಂಗಡಿಯ ತುಕ್ಕು ಹಿಡಿದ ಡಬ್ಬಿಗಳ ನಡುವೆ ಹೆಬ್ಬೆರಳು ಗಾತ್ರದ ಚನ್ನಪಟ್ಟಣದ ಗೊಂಬೆ ಸಿಕ್ಕಿತು. ಮೈಮೇಲೆ ನಲವತ್ತು ವರ್ಷದ ಜಿಡ್ಡು. ನಿನಗೆ ಹೇಸಿಕೆ ಬಂತು. ಚೀಲದಲ್ಲಿ ಸ್ಯಾನಿಟೈಸರ್ ಇತ್ತು. ಹತ್ತಿಗೆ ಸುರಿದು ತಿಕ್ಕಿದೆ. ಜಿಡ್ಡು ಹೋಯಿತು, ಅದರ ಹಿಂದೆಯೇ ಪಾಪ ಆ ಗೊಂಬೆಯ ಅರ್ಧ ಕುಪ್ಪಸವೂ ಹೋಯಿತು.

ಚನ್ನಪಟ್ಟಣದ ಗೊಂಬೆಗೆ ಕುಂಚದಿಂದ ಬಣ್ಣ ಬಳಿದಿರುವುದಿಲ್ಲ. ಹಾಲೆ ಮರದ ತುಂಡು ಗಿರಗಿರ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಒಣಗಿದ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಆ ಅರಗಿಗೆ ಸ್ಪಿರಿಟ್ ಆಗಿಬರುವುದಿಲ್ಲ. ಮನೆಗೆ ಪಾಲಿಶ್ ಮಾಡಲು ಬರುವ ಬಡಿಗ ಅರಗಿನ ಚಕ್ಕೆಯನ್ನು ಯಾವುದರಲ್ಲಿ ಕರಗಿಸುತ್ತಾನೆ? ಸ್ಪಿರಿಟ್ಟಿನಲ್ಲೇ. ನಿನ್ನ ಸ್ಯಾನಿಟೈಸರಿನಲ್ಲಿ ಇರುವುದೂ ಅದೇ ಆಲ್ಕೋಹಾಲು. ಈ ಪ್ರಶ್ನೆ ಸಾಮಾನ್ಯ ವಿಜ್ಞಾನದ ಪತ್ರಿಕೆಯಲ್ಲಿ ಬಂದರೆ ನೀನು ಕಣ್ಣು ಮುಚ್ಚಿ ಸರಿ ಗುಂಡು ತುಂಬುತ್ತೀ. ತಲೆಗೆ ಗೊತ್ತಿರುವುದು ಕೈಗೆ ಇನ್ನೂ ಇಳಿದಿಲ್ಲ, ಅಷ್ಟೇ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ಕಣ್ಣು ಚಲೋ ಇದೆ. ಅಷ್ಟು ಗುಜರಿಯಲ್ಲಿ, ಅಷ್ಟು ಪ್ಲಾಸ್ಟಿಕ್ಕಿನಲ್ಲಿ, ಹಳೆಯ ನಿಜವಾದ ಗೊಂಬೆಯನ್ನು ಹೆಕ್ಕಿದೆ. ಅದನ್ನು ಯಾರೂ ಕಲಿಸಲು ಬರುವುದಿಲ್ಲ. ಕಲಿಸಲು ಬರುವುದು ಸುಮ್ಮನಿರುವುದನ್ನು ಮಾತ್ರ, ಅದಕ್ಕೇ ಈ ಮಾತು. ಧಾರವಾಡದ ನಮ್ಮ ಸಪ್ತಾಪುರದಲ್ಲಿ ಈಗ ಮನೆಗೊಂದು ಕೋಚಿಂಗ್ ಬೋರ್ಡು, ಗಲ್ಲಿಗೊಂದು ಪಿಜಿ. ಬೆಳಗಾದರೆ ನಿನ್ನಂಥ ನೂರಾರು ಹುಡುಗ ಹುಡುಗಿಯರು ಚಹಾ ಕುಡಿಯುತ್ತಲೇ ಪ್ರಚಲಿತ ವಿದ್ಯಮಾನ ಓದುತ್ತಾರೆ. ಎಲ್ಲರಿಗೂ ಎಲ್ಲವೂ ಮುಂದಿನ ನೋಟಿಫಿಕೇಶನ್ ಬರುವುದರೊಳಗೆ ಆಗಬೇಕು. ಹಳೆ ಗೊಂಬೆಗೆ ಆ ಕ್ಯಾಲೆಂಡರ್ ಗೊತ್ತಿಲ್ಲ.

ಅದಕ್ಕೆ ಮೊದಲ ಪಾಠ ಇದು. ಗೊಂಬೆ ಮನೆಗೆ ಬಂದ ದಿನ ಅದಕ್ಕೆ ಏನೂ ಮಾಡಬೇಡ. ಎಂಟು ದಿನ ಮುಟ್ಟಬೇಡ. ತೊಳೆದು ತೊಳೆದು ಮೆತ್ತಗಾದ ಹಳೆ ಧೋತರದ ಬಿಳಿ ತುಂಡು ಹಾಸು, ಅದರ ಮೇಲೆ ಮಲಗಿಸು, ಬಿಸಿಲು ಬೀಳದ ಕಡೆ ಇಡು. ಬೇರೆ ಗೊಂಬೆಗಳ ಪಕ್ಕ ಬೇಡ. ದಿನಕ್ಕೆ ಎರಡು ಸಲ ನೋಡು, ಸಾಕು. ಹೊಸ ಸೊಸೆ ಹೊಸ್ತಿಲು ದಾಟಿದ ದಿನವೇ ಅವಳನ್ನು ತಿದ್ದಲು ಹೋದ ಅತ್ತೆಯರ ಗತಿ ಏನಾಯಿತೆಂದು ನಮ್ಮ ಓಣಿಯಲ್ಲಿ ಕೇಳು, ಉದಾಹರಣೆ ಸಮೇತ ಹೇಳುತ್ತಾರೆ.

ಬಿಳಿ ಅರಿವೆಯೇ ಯಾಕೆ ಅಂದರೆ, ಅದು ಚಾಡಿ ಹೇಳುತ್ತದೆ. ಮರದ ಗೊಂಬೆಯ ಕೆಳಗೆ ಜರಡಿ ಹಿಡಿದಂತೆ ಸಣ್ಣ ಹಿಟ್ಟು ಬಿದ್ದಿದ್ದರೆ ಒಳಗೆ ಹುಳ ಇನ್ನೂ ಊಟಕ್ಕೆ ಕೂತಿದೆ ಎಂದರ್ಥ. ತೂತು ಮಾತ್ರ ಇದ್ದು ಹಿಟ್ಟು ಬೀಳದಿದ್ದರೆ ಉಂಡು ಎದ್ದುಹೋಗಿರಬಹುದು. ಬಣ್ಣದ ಹಕ್ಕಳೆ ಬಿದ್ದಿದ್ದರೆ, ನೀನು ಒರೆಸಲು ಹೋಗದೆ ಇದ್ದದ್ದು ಪುಣ್ಯ. ಅಂಟಂಟು ಕಲೆಯಾಗಿದ್ದರೆ ಅದು ಹಳೇ ಪ್ಲಾಸ್ಟಿಕ್ಕು. ಮೆತ್ತಗಿರಲೆಂದು ಕಾರ್ಖಾನೆಯಲ್ಲಿ ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಬೆವರುತ್ತಿದೆ. ಎಂಟು ದಿನದಲ್ಲಿ ಗೊಂಬೆ ತನ್ನ ರೋಗವನ್ನು ತಾನೇ ಹೇಳುತ್ತದೆ.

ಅದರ ಜಾತಕವನ್ನು ಮಾತ್ರ ಕೊಳ್ಳುವಾಗಲೇ ನೋಡಿಕೋ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದು ನೆಲೆಯೂರಿದ್ದು 1837ರಲ್ಲಿ. ಹೀಗಾಗಿ ಈ ಊರಲ್ಲಿ ಯಾವ ಪಿಂಗಾಣಿ ಗೊಂಬೆ ಕಂಡರೂ ಒಬ್ಬರಾದರೂ ಗಂಟಲು ಸರಿಪಡಿಸಿಕೊಂಡು, "ಇದು ಮಿಷನ್ ಕಾಲದ್ದು, ಜರ್ಮನಿಯಿಂದ ಹಡಗಿನ್ಯಾಗ ಬಂದದ್ದು" ಅನ್ನುತ್ತಾರೆ. ಕಿಟೆಲ್ ಸಾಹೇಬರೇ ನಿಘಂಟಿನ ಜೊತೆಗೆ ಹೊತ್ತು ತಂದರೇನೋ ಎಂಬಂತೆ. ಆ ಮಾತಿಗೆ ಇನ್ನೂರು ರೂಪಾಯಿ ಜಾಸ್ತಿ ಆಗುತ್ತದೆ. ನಗು, ತಲೆಯಾಡಿಸು, ಗೊಂಬೆಯನ್ನು ಬೋರಲು ಹಾಕು. ಬೆನ್ನ ಮೇಲೆ, ಕತ್ತಿನ ಹಿಂದೆ, ಪಾದದ ಅಡಿಯಲ್ಲಿ ಗುರುತು ಹುಡುಕು. ಅಮೆರಿಕದವರು 1890ರಲ್ಲಿ ಒಂದು ಸುಂಕದ ಕಾಯಿದೆ ತಂದು, ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದರು. ಅಲ್ಲಿಂದ ಮುಂದೆ ಹೆಸರು ಒತ್ತುವುದು ಹೆಚ್ಚಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1952ರವರೆಗೆ, ಜಪಾನಿನ ಎಷ್ಟೋ ಸಾಮಾನಿನ ಮೇಲೆ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದೇ ಒತ್ತುತ್ತಿದ್ದರು. 'ಆಕ್ಯುಪೈಡ್ ಜಪಾನ್' ಎಂಬ ಆ ಎರಡು ಪದ ಕಂಡರೆ ಗೊಂಬೆಯ ವಯಸ್ಸು ಐದಾರು ವರ್ಷದ ಅಂತರದಲ್ಲಿ ಸಿಕ್ಕಿತು. ಗುರುತು ಇಲ್ಲದಿದ್ದರೆ ಇಲ್ಲ. 'ಗೊತ್ತಿಲ್ಲ' ಅಂತ ಚೀಟಿಯಲ್ಲಿ ಬರೆ. ನಾನು ಬಹಳ ಜನ ಸಂಗ್ರಹಕಾರರನ್ನು ನೋಡಿದ್ದೇನೆ. 'ಗೊತ್ತಿಲ್ಲ' ಅಂತ ಬರೆಯುವ ಧೈರ್ಯ ಇದ್ದವರು ಮೂವರೋ ನಾಲ್ವರೋ.

ಇಷ್ಟೆಲ್ಲ ಉಪದೇಶ ಮಾಡುವ ಈ ಮುದುಕಿ ಹುಟ್ಟುತ್ತಲೇ ಜಾಣೆಯಾಗಿರಲಿಲ್ಲ. ನಿನ್ನ ಬೆರಳಿಗೆ ಕೆಂಪು ಹತ್ತಿತು, ನನ್ನ ಬೆರಳಿಗೆ ಹಸಿರು ಹತ್ತಿತ್ತು. ಕೇಳು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ದೇವರ ಮನೆಯ ಮಾಡದಲ್ಲಿ ಒಂದು ಕಿನ್ನಾಳದ ಗರುಡ ಇತ್ತು. ಗೇಣುದ್ದ. ಕೈ ಮುಗಿದುಕೊಂಡು, ರೆಕ್ಕೆ ಬಿಚ್ಚಿ, ಮೊಳಕಾಲೂರಿ ಕೂತಿದ್ದ. ನಮ್ಮ ಅತ್ತೆಯವರ ತವರಿನಿಂದ ಬಂದದ್ದು. ದೀಪದ ಹೊಗೆಗೆ ಕಪ್ಪಾಗಿದ್ದ, ಮೂಗಿನ ತುದಿಯ ಬಣ್ಣ ಹಾರಿತ್ತು. ಒಂದು ವರ್ಷ ದೀಪಾವಳಿಗೆ ಮನೆಗೆ ಬಣ್ಣ ಹಚ್ಚುವವರು ಬಂದರು. ಬಾಗಿಲಿಗೆ ಹಚ್ಚಿದ ಹಸಿರು ಎನಾಮಲ್ ಡಬ್ಬಿಯಲ್ಲಿ ಒಂದಿಷ್ಟು ಉಳಿಯಿತು. ಅತ್ತೆ ಊರಲ್ಲಿರಲಿಲ್ಲ. ಅವರು ಬರುವಷ್ಟರಲ್ಲಿ ಗರುಡನನ್ನು ಹೊಸಬನನ್ನಾಗಿ ಮಾಡಿ ಶಹಭಾಸ್ ಅನ್ನಿಸಿಕೊಳ್ಳಬೇಕು ಅಂತ ನನಗೆ ಹುಕಿ ಬಂತು.

ಮೊದಲು ಒದ್ದೆ ಅರಿವೆಯಿಂದ ಒರೆಸಿದೆ. ಬಣ್ಣ ಸುಟ್ಟ ಹಪ್ಪಳದಂತೆ ಎದ್ದು ಬಂತು. ಗಾಬರಿಯಾಗಿ ಇನ್ನಷ್ಟು ಒರೆಸಿದೆ. ಕಂಠೀಹಾರದ ಉಬ್ಬು ಕಿತ್ತು ಬಂತು. ಆಮೇಲೆ ಆ ಗಾಯದ ಮೇಲೆಲ್ಲ ಹಸಿರು ಎನಾಮಲ್ ಬಳಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಗರುಡ ಗಿಳಿಯಾದ.

ಅತ್ತೆ ಬಂದರು, ನೋಡಿದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಬೈಯದೆ ಇದ್ದದ್ದು ಐವತ್ತು ವರ್ಷ ನೆನಪಿದೆ.

ನಾಲ್ಕು ತಿಂಗಳಾದ ಮೇಲೆ ನಿನ್ನ ಅಜ್ಜನ ಬೆನ್ನು ಹತ್ತಿ (ನಮ್ಮ ಯಜಮಾನರನ್ನು ಅಜ್ಜ ಅಂತಲೇ ಕರೆಯುತ್ತೀಯಲ್ಲ) ಕಿನ್ನಾಳಕ್ಕೆ ಹೋದೆ. ಗರುಡ ಟವೆಲಿನಲ್ಲಿ ಸುತ್ತಿಕೊಂಡು ನನ್ನ ಮಡಿಲಲ್ಲಿ. ಹುಬ್ಬಳ್ಳಿ, ಗದಗ ದಾಟಿ ಕೊಪ್ಪಳಕ್ಕೆ ರೈಲು, ಅಲ್ಲಿಂದ ಬಸ್ಸು. ಆಗಿನ್ನೂ ಕೊಪ್ಪಳ ಜಿಲ್ಲೆಯಾಗಿರಲಿಲ್ಲ, ರಾಯಚೂರಿಗೆ ಸೇರಿತ್ತು. ಅಲ್ಲಿಯ ಚಿತ್ರಗಾರರ ಓಣಿಯಲ್ಲಿ ಒಬ್ಬ ಹಿರಿಯರು ಗೊಂಬೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿದರು. ಕೊನೆಗೆ, "ಅವ್ವಾ, ಇದರಾಗ ನಮ್ಮ ಕೆಲಸ ಎಲ್ಲೈತಿ ಈಗ?" ಅಂದರು. ಅಷ್ಟೇ ಅಂದರು. ಆಮೇಲೆ ಕೂರಿಸಿ, ಚಹಾ ಕೊಟ್ಟು, ತಾವು ಮಾಡುವುದನ್ನು ತೋರಿಸಿದರು. ಅದೇ ನನ್ನ ಶಾಲೆ.

ಕಿನ್ನಾಳದ ಗೊಂಬೆ ಹಗುರ ಮರದ್ದು. ತುಂಡುಗಳನ್ನು ಕೂಡಿಸುವುದು ಹುಣಸೆ ಬೀಜದ ಸರಿಯಿಂದ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಸರಿ ಕಲಸಿದರೆ 'ಕಿಟ್ಟ' ಆಗುತ್ತದೆ. ಮೂಗು, ಕೆನ್ನೆ, ಮೈಯ ತಿರುವು ಎಲ್ಲ ಅದರಲ್ಲಿ ಬರುತ್ತದೆ. ಮೇಲೆ ಹತ್ತಿ ಅರಿವೆಯ ಚೂರು ಅಂಟಿಸಿ, ಬಿಳಿ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಲೇಪ ಕೊಡುತ್ತಾರೆ. ಒಡವೆಯ ಉಬ್ಬು ಕೂಡ ಅದೇ ಕಲ್ಲಿನ ಪುಡಿಯದ್ದು. ಇಷ್ಟೆಲ್ಲ ಆದ ಮೇಲೆ ಬಣ್ಣ. ನಾನು ಒದ್ದೆ ಅರಿವೆಯಿಂದ ಒರೆಸಿದಾಗ ಕೊಳೆ ತೆಗೆಯುತ್ತಿದ್ದೇನೆ ಅಂದುಕೊಂಡಿದ್ದೆ. ತೆಗೆಯುತ್ತಿದ್ದದ್ದು ಗೊಂಬೆಯ ಚರ್ಮವನ್ನು.

ನೋಡು, ಚನ್ನಪಟ್ಟಣದ್ದಕ್ಕೆ ಸ್ಪಿರಿಟ್ ವೈರಿ. ಕಿನ್ನಾಳದ್ದಕ್ಕೆ ನೀರೇ ವೈರಿ. ಎರಡೂ ಮರದ ಗೊಂಬೆಗಳೇ, ಎರಡೂ ನಮ್ಮ ನಾಡಿನವೇ. ಒಂದಕ್ಕೆ ಮಾಡಿದ ಉಪಚಾರ ಇನ್ನೊಂದನ್ನು ಕೊಲ್ಲುತ್ತದೆ. ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು ಎಂಬುದು ತಿಳಿಯುವವರೆಗೆ ಕೈ ಕಟ್ಟಿಕೊಂಡು ಕೂಡು. ಒಣಗಿದ ಮೆತ್ತನೆ ಕುಂಚದಿಂದ ಧೂಳು ತೆಗೆಯುವುದು ಮಾತ್ರ ಹೆಚ್ಚು ಕಡಿಮೆ ಎಲ್ಲಕ್ಕೂ ನಡೆಯುತ್ತದೆ. ಅದೂ ಬಣ್ಣ ಏಳದಿದ್ದ ಕಡೆ ಮಾತ್ರ.

ಆಮೇಲೆ ಎಂಜಲಿನ ವಿಷಯ. ಮೂಗು ಮುರಿಯಬೇಡ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಹಳೇ ಚಿತ್ರ, ಹಳೇ ಗೊಂಬೆ ಸ್ವಚ್ಛ ಮಾಡುವವರು ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ತಾಗಿಸಿ ಒರೆಸುವುದುಂಟು. ಎಂಜಲಿನಲ್ಲಿ ಜಿಡ್ಡು ಬಿಡಿಸುವ ಗುಣ ಇದೆ. ಪಿಂಗಾಣಿ ಗೊಂಬೆಯ ಕೆನ್ನೆಗೆ ನಾನು ಅದನ್ನೇ ಮಾಡುತ್ತೇನೆ, ಬಾಗಿಲು ಹಾಕಿಕೊಂಡು. ಕಡ್ಡಿಯನ್ನು ಒಂದು ಸಲ ತಾಗಿಸಿದರೆ ಮುಗಿಯಿತು, ಬೇರೆ ಕಡ್ಡಿ. ಅದೇ ಕಡ್ಡಿಯನ್ನು ಮತ್ತೆ ಬಾಯಿಗೆ ಇಟ್ಟುಕೊಂಡೀಯ, ಹುಷಾರು. ದೇವರ ಗೊಂಬೆಗೆ ಮಾತ್ರ ಆ ಕೆಲಸ ಬೇಡ. ನಮ್ಮ ಅತ್ತೆ ಮೇಲಿನಿಂದ ಎದ್ದು ಬಂದಾರು, ಈ ಸಲ ಸುಮ್ಮನಿರಲಿಕ್ಕಿಲ್ಲ.

ಈಗ ಸೆಲ್ಯುಲಾಯ್ಡ್. ಇದನ್ನು ಗಮನ ಕೊಟ್ಟು ಕೇಳು, ಇದರಲ್ಲಿ ತಮಾಷೆ ಇಲ್ಲ. ಮುಷ್ಟಿಯಲ್ಲಿ ಹಿಡಿಸುವ, ಗಾಳಿಯಂತೆ ಹಗುರವಾದ, ತತ್ತಿಯ ಚಿಪ್ಪಿನಷ್ಟು ತೆಳ್ಳಗಿನ ಗುಲಾಬಿ ಬಣ್ಣದ ಪುಟ್ಟ ಪಾಪು ಗೊಂಬೆ ಸಿಕ್ಕರೆ ಮೊದಲು ಹೆಬ್ಬೆರಳಿನಿಂದ ಬೆಚ್ಚಗಾಗುವಷ್ಟು ಉಜ್ಜಿ ಮೂಸಿ ನೋಡು. ಕರ್ಪೂರದ ವಾಸನೆ ಬರುತ್ತದೆ. ಆಶ್ಚರ್ಯ ಪಡಬೇಡ, ಕರ್ಪೂರವೇ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಹದ ಮಾಡಿ ಕರ್ಪೂರ ಬೆರೆಸಿದರೆ ಸೆಲ್ಯುಲಾಯ್ಡ್. ಎರಡನೇ ಮಹಾಯುದ್ಧಕ್ಕೆ ಮುಂಚೆ ಜಪಾನಿನವರು ಇದರಲ್ಲಿ ಲೆಕ್ಕವಿಲ್ಲದಷ್ಟು ಗೊಂಬೆ ಮಾಡಿದರು. ಕರ್ಪೂರದ ಮರಗಳಿದ್ದ ತೈವಾನು 1895ರಿಂದ 1945ರವರೆಗೆ ಅವರ ಕೈಯಲ್ಲೇ ಇತ್ತಲ್ಲ.

ಕರ್ಪೂರ ಅಂದ ಮೇಲೆ ಮುಂದಿನದು ನಾನು ಹೇಳಬೇಕೇ? ಹೊತ್ತಿಕೊಂಡರೆ ಆರತಿಯಂತೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ದೇವರ ಮನೆಯಲ್ಲಿ, ಒಲೆಯ ಹತ್ತಿರ, ಬಿಸಿ ಬಲ್ಬಿನ ಕೆಳಗೆ ಇಡಬೇಡ. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡು ಅಂತ ಯಾರಾದರೂ ಜಾಣ ಹೇಳಿದರೆ ಅವನ ಮನೆಯಲ್ಲೇ ಮಾಡಿ ತೋರಿಸಲು ಹೇಳು. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದೂ ತಪ್ಪು. ಹಳತಾದಂತೆ ಅದರ ಮೈಯಿಂದ ಆಮ್ಲದ ಹಬೆ ಹೊರಡುತ್ತದೆ. ಮುಚ್ಚಿಟ್ಟರೆ ತನ್ನ ಹಬೆಯಲ್ಲಿ ತಾನೇ ಬೇಯುತ್ತದೆ, ಪಕ್ಕದಲ್ಲಿದ್ದ ತಗಡಿನ ಆಟಿಗೆಗೂ ತುಕ್ಕು ಹಿಡಿಸುತ್ತದೆ. ಬಣ್ಣ ಕಂದಿ, ಅಂಟಾಗಿ, ಬಿರುಕು ಬಿಟ್ಟು, ಮೂಗಿಗೆ ಕಟುವಾಗಿ ಹೊಡೆಯಿತೋ, ಅದನ್ನು ಬೇರೆ ಗೊಂಬೆಗಳಿಂದ ದೂರ ಮಾಡು. ನನ್ನ ಹತ್ತಿರ ಅಂಥದ್ದು ಒಂದಿತ್ತು. ಉಳಿಸಲು ಆಗಲಿಲ್ಲ. ಕೆಲವನ್ನು ಆಗುವುದಿಲ್ಲ.

ಡಾಂಬರ ಗುಳಿಗೆಯನ್ನೂ ಪ್ಲಾಸ್ಟಿಕ್ಕಿನ ಜೊತೆ ಹಾಕಬೇಡ. ಕೆಲವು ಪ್ಲಾಸ್ಟಿಕ್ಕನ್ನು ಅದು ಮೆತ್ತಗೆ ಮಾಡಿ ಕೆಡಿಸುತ್ತದೆ. ಪೇಪರಿನಲ್ಲಿ ಸುತ್ತಬೇಡ, ಇಂದಿನ ಸುದ್ದಿ ನಾಳೆ ಗೊಂಬೆಯ ಬೆನ್ನ ಮೇಲೆ ಇರುತ್ತದೆ. ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ.

ಅರಿವೆ ಗೊಂಬೆಗೆ ಬರೋಣ. ನನಗೆ ಜೀವ ಇದರ ಮೇಲೆ. ನಮ್ಮ ಅವ್ವ ಹೊಲಿದದ್ದು ಒಂದಿದೆ, ನೀನು ನೋಡಿದ್ದೀ: ಇಳಕಲ್ ಸೀರೆಯ ಸೆರಗಿನ ಚೂರು, ಗುಳೇದಗುಡ್ಡದ ಖಣದ ಕುಪ್ಪಸ, ಕರಿ ದಾರದ ಹೆರಳು, ಕಸೂತಿ ದಾರದ ಕಣ್ಣು. ಎಡಗಣ್ಣು ಸ್ವಲ್ಪ ಮೇಲೆ ಹೋಗಿದೆ. ಮೊದಲ ದಿನ ನೀನು ಕೇಳಿದ ಪ್ರಶ್ನೆ ನೆನಪಿದೆಯೇ? "ಅಜ್ಜಿ, ಈ ಕಣ್ಣು ಬಿಚ್ಚಿ ಸರಿಯಾಗಿ ಹಾಕ್ಲೇನ್ರಿ?" ಆ ಓರೆಗಣ್ಣು ನಮ್ಮ ಅವ್ವನ ಕೈ, ತಂಗಿ. ಆ ರಾತ್ರಿ ಲಾಟೀನಿನಲ್ಲಿ ಎಣ್ಣೆ ಕಡಿಮೆ ಇತ್ತೋ, ನಾನು ಪಕ್ಕದಲ್ಲಿ ಕೂತು ಅಳುತ್ತಿದ್ದೆನೋ. ಅದನ್ನು ಸರಿ ಮಾಡಿದರೆ ಗೊಂಬೆ ಉಳಿಯುತ್ತದೆ, ಅವ್ವ ಹೋಗುತ್ತಾಳೆ.

ಅರಿವೆಗೆ ಹುಳ ಬಿದ್ದರೆ ಔಷಧ ಹೊಡೆಯಬೇಡ. ಪ್ಲಾಸ್ಟಿಕ್ ಚೀಲ ಎರಡು ಸುತ್ತು ಹಾಕಿ, ಗಾಳಿ ಹೋಗದಂತೆ ಕಟ್ಟಿ, ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಎರಡು ವಾರ ಇಡು. ಹೊರಗೆ ತೆಗೆದ ಮೇಲೆ ಒಂದು ದಿನ ಹಾಗೇ ಬಿಟ್ಟು ಆಮೇಲೆ ಚೀಲ ಬಿಚ್ಚು, ಇಲ್ಲದಿದ್ದರೆ ಬೆವರುತ್ತದೆ. ಬಣ್ಣದ ಮರಕ್ಕೆ, ಅರಗಿಗೆ, ಸೆಲ್ಯುಲಾಯ್ಡಿಗೆ ಇದನ್ನು ಮಾಡಬೇಡ. ಮನೆಯಲ್ಲಿ ಮೊದಲೇ ಹೇಳಿಡುವುದು ಒಳ್ಳೆಯದು. ನಮ್ಮ ಸೊಸೆ ಬಟಾಣಿ ತೆಗೆಯಲು ಹೋಗಿ ಚೀಲದೊಳಗಿಂದ ನೋಡುವ ಮುಖ ಕಂಡು ಚೀರಿದ್ದು ಪಕ್ಕದ ಮನೆಗೂ ಕೇಳಿತ್ತು.

ಹರಿದದ್ದನ್ನು ಹೊಲಿಯುವಾಗ ದಾರ ಅರಿವೆಗಿಂತ ಬಲವಾಗಿರಬಾರದು. ನೈಲಾನ್ ದಾರ ತಂದು ಬಿಗಿದರೆ ಮುಂದಿನ ಸಲ ದಾರ ಹರಿಯುವುದಿಲ್ಲ, ಅರಿವೆ ಹರಿಯುತ್ತದೆ. ಸಣ್ಣ ಸೂಜಿ, ತೆಳು ಹತ್ತಿ ದಾರ, ಹರಿದ ಕಡೆ ಒಳಗಿನಿಂದ ತೇಪೆ, ಮೇಲೆ ಸಡಿಲಾದ ಕಚ್ಚಾ ಹೊಲಿಗೆ. ಬೇಕಾದಾಗ ಬಿಚ್ಚಲು ಬರಬೇಕು. ನಮ್ಮ ಧಾರವಾಡದ ಕಸೂತಿ ಕಲಿ ಅಂತ ನಿನಗೆ ಎಷ್ಟು ಸಲ ಹೇಳಿದೆ? ಗವಂತಿ, ಮುರಗಿ, ನೇಯ್ಗಿ, ಮೆಂತೆ, ನಾಲ್ಕೇ ಹೊಲಿಗೆ. ಎಳೆ ಎಣಿಸಿ ಹಾಕುವುದು, ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರಗಿ ಹಾಕಿದರೆ ಒಳಮೈ ಹೊರಮೈ ಒಂದೇ. ಆರು ತಿಂಗಳು ಕಸೂತಿ ಹಾಕಿದ ಕೈ ಗೊಂಬೆಯನ್ನು ಹಿಡಿಯುವ ರೀತಿಯೇ ಬೇರೆಯಾಗುತ್ತದೆ. ವಿಡಿಯೋ ನೋಡಿದ ಕೈಗೆ ಅದು ಬರುವುದಿಲ್ಲ, ಸಿಟ್ಟಾಗಬೇಡ.

ಕೈಕಾಲು ಸಡಿಲಾದ ಗೊಂಬೆಯ ಒಳಗೆ ಇಲಾಸ್ಟಿಕ್ ಇರುತ್ತದೆ. ಅದು ಸತ್ತರೆ ಕ್ರೋಶಾ ಕಡ್ಡಿಯಿಂದ ಹೊಸದನ್ನು ಎಳೆದು ಕಟ್ಟಬಹುದು. ಹುಡುಗರ ತಪ್ಪು ಒಂದೇ: ಸಿಪಾಯಿಯಂತೆ ನೆಟ್ಟಗೆ ನಿಲ್ಲಲಿ ಅಂತ ಬಿಗಿಯಾಗಿ ಎಳೆಯುವುದು. ಎರಡನೇ ದಿನ ಕತ್ತು ಚಿರಕ್ ಅನ್ನುತ್ತದೆ. ಕೈ ಎತ್ತಿದರೆ ಎತ್ತಿದ ಕಡೆ ನಿಂತರೆ ಸಾಕು. ಕ್ಷಣದಲ್ಲಿ ಹಿಡಿಯುವ ಅಂಟಿನ ಟ್ಯೂಬು ನಿನ್ನ ಮೇಜಿನ ಮೇಲೆ ಕಂಡಿತು. ಚಪ್ಪಲಿಗೆ ಇಟ್ಟುಕೋ.

ಇಷ್ಟು ಹೇಳಿದ ಮೇಲೆ ನಾನೇ ಒಂದು ಅಪವಾದ ಹೇಳಬೇಕು, ಇಲ್ಲದಿದ್ದರೆ ನಮ್ಮ ಸೊಸೆ ಹೇಳುತ್ತಾಳೆ. ಅವಳು ಮೈಸೂರಿನವಳು. ನಮ್ಮ ಕಡೆ ದಸರೆ ಅಂದರೆ ಬನ್ನಿ, ಅವಳ ಕಡೆ ದಸರೆ ಅಂದರೆ ಗೊಂಬೆ. ತವರಿನಿಂದ ಪಟ್ಟದ ಗೊಂಬೆಯ ಜೋಡಿ ತಂದಿದ್ದಾಳೆ, ರಕ್ತಚಂದನದ ರಾಜ ರಾಣಿ. ಅವಕ್ಕೆ ನವರಾತ್ರಿಗೆ ಹೊಸ ಉಡುಪು ತೊಡಿಸುವುದೇ ಸಂಪ್ರದಾಯ. ಅಲ್ಲಿ 'ಹಳೇದು ಮುಟ್ಟಬೇಡ' ಅಂತ ನಾನು ಬಾಯಿ ಹಾಕುವಂತಿಲ್ಲ. ಆ ಗೊಂಬೆಯ ಬಾಳು ಇರುವುದೇ ಹಾಗೆ. ಹಳೇ ಉಡುಪನ್ನು ಎಸೆಯದೆ ಮಡಚಿ ಇಡು ಅಂತಷ್ಟೇ ಹೇಳಿದ್ದೇನೆ, ಇಟ್ಟಿದ್ದಾಳೆ.

ಇನ್ನು ಕೆಲವನ್ನು ಕೂಡಿಡಲೇಬಾರದು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಮಂಗಳವಾರಗಳ ಗುಳ್ಳವ್ವ. ಮೊಮ್ಮಗ ಒಂದು ವರ್ಷ ಎತ್ತಿನ ಜೋಡಿಗೆ ವಾರ್ನಿಷ್ ಹೊಡೆದು ಕಪಾಟಿನಲ್ಲಿ ಇಡುತ್ತೇನೆ ಅಂತ ಹಟ ಹಿಡಿದ. ಬೇಡ ಅಂದೆ. ಹೊಲದ ಮಣ್ಣು, ನೀರಿಗೆ ಹೋಗಿ ಮತ್ತೆ ಮಣ್ಣಾಗಬೇಕು, ಮುಂದಿನ ವರ್ಷ ಕುಂಬಾರನಿಗೆ ಮತ್ತೆ ಕೆಲಸ ಇರಬೇಕು. ಅತ್ತ. ಕೆಲಗೇರಿ ಕೆರೆಗೆ ಕರೆದುಕೊಂಡು ಹೋಗಿ ಬಿಡಿಸಿದೆ. ದಾರಿಯಲ್ಲಿ ಪೇಡೆ ಕೊಡಿಸಿದ ಮೇಲೆ ಸುಮ್ಮನಾದ. ನಿನಗೂ ಆ ಎತ್ತಿನ ಮೇಲೆ ಆಸೆಯಿದ್ದರೆ ಮಾಡುವುದನ್ನು ಕಲಿ.

ಕೊಳ್ಳುವಾಗಿನ ನಡತೆಯ ಬಗ್ಗೆ ಒಂದು ಮಾತು. ಮಾಳಮಡ್ಡಿಯ ಹಳೇ ಮನೆಯೊಂದನ್ನು ಕೆಡವುವಾಗ ಒಬ್ಬ ಅಜ್ಜಿ ಟ್ರಂಕು ಬಿಚ್ಚಿ ಕೂತಿದ್ದಳು. ನನ್ನ ಜೊತೆ ಬಂದಿದ್ದ ಸಂಗ್ರಹಕಾರರೊಬ್ಬರು ಪಿಂಗಾಣಿ ಗೊಂಬೆಯೊಂದನ್ನು ತಿರುಗಿಸಿ ನೋಡಿ, ಮುಖ ಸಿಂಡರಿಸಿ, "ಒಡದದ, ಏನೂ ಬರಂಗಿಲ್ಲ" ಅಂದು, ಎರಡು ಚಹಾದ ದುಡ್ಡು ಕೊಟ್ಟು ಒಯ್ದರು. ದಾರಿಯಲ್ಲಿ ಅದರ ನಿಜವಾದ ಬೆಲೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ, ಆ ಮೇಲೆ ಅವರ ಜೊತೆ ಎಲ್ಲಿಗೂ ಹೋಗಲಿಲ್ಲ. ಅಂಗಡಿಯವನ ಜೊತೆ ಚೌಕಾಸಿ ಮಾಡು, ಜಗಳ ಆಡು, ಅದು ಅವನ ಕಸುಬು, ನಿನ್ನ ಹಕ್ಕು. ಟ್ರಂಕು ಬಿಚ್ಚಿ ಕೂತ ಅಜ್ಜಿಯ ಜೊತೆ ಬೇಡ. ದುಡ್ಡು ಸಾಲದಿದ್ದರೆ ಸಾಲದು ಅನ್ನು.

ಅಂಥವರ ಹತ್ತಿರ ಗೊಂಬೆಗಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಯಾರು ಆಡಿದ ಗೊಂಬೆ, ಏನು ಹೆಸರಿಟ್ಟಿದ್ದರು, ಅಂಗಿ ಹೊಲಿದವರು ಯಾರು. ಅಲ್ಲೇ ಕೂತು ಬರೆದುಕೋ, ಪೆನ್ನಿನಲ್ಲಿ ಬೇಡ, ಪೆನ್ಸಿಲಿನಲ್ಲಿ; ಶಾಯಿ ನಮ್ಮ ಊರಿನ ಜಿಟಿಜಿಟಿ ಮಳೆಯ ತೇವಕ್ಕೆ ಹರಡುತ್ತದೆ. ನೋಟ್ಸ್ ಬರೆಯುವುದರಲ್ಲಿ ನೀನು ಜಾಣೆ, ಅದು ಇಲ್ಲಿ ಉಪಯೋಗಕ್ಕೆ ಬರಲಿ. ನೀನು ಮಾಡಿದ ರಿಪೇರಿಯನ್ನೂ ತಾರೀಖು ಹಾಕಿ ಬರೆ, ತಪ್ಪನ್ನೂ ಬರೆ. ನನ್ನ ವಹಿಯ ಮೊದಲ ಪುಟದಲ್ಲಿ 'ಗರುಡ, ಹಸಿರು ಎನಾಮಲ್, ನನ್ನ ಕೆಲಸ' ಎಂದಿದೆ.

ಎಷ್ಟು ಗೊಂಬೆ ಆದರೆ ಸಂಗ್ರಹ ಅನ್ನಬಹುದು ಅಂತ ಕೇಳಿದ್ದೆ. ದಿಲ್ಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರ ಗೊಂಬೆ ಮ್ಯೂಸಿಯಂ ಇದೆ, 1965ರಲ್ಲಿ ತೆರೆದದ್ದು, ಈಗ ಅಲ್ಲಿ ಸಾವಿರಾರು ಗೊಂಬೆಗಳಿವೆ. ಶುರುವಾದದ್ದು ಒಂದರಿಂದ. ಮಕ್ಕಳ ಸ್ಪರ್ಧೆಗೆ ಬಹುಮಾನವಾಗಿ ಹಂಗೇರಿಯ ರಾಯಭಾರಿ ಕೊಟ್ಟ ಗೊಂಬೆಯ ಮೇಲೆ ಅವರಿಗೇ ಮನಸ್ಸಾಯಿತಂತೆ. ನಿನಗೆ ಸದ್ಯಕ್ಕೆ ಆರು ಸಾಕು. ಆರನ್ನು ಒಂದು ಮಳೆಗಾಲ ಬೂಷ್ಟು ಹಿಡಿಯದಂತೆ ಸಾಕಿ ತೋರಿಸು, ಏಳನೆಯದು ನಾನೇ ಕೊಡುತ್ತೇನೆ. ಯಾವುದು ಅಂತ ಈಗ ಕೇಳಬೇಡ. ಓರೆಗಣ್ಣಿನದಂತೂ ಅಲ್ಲ.

ಇನ್ನು ನಿನ್ನ ಆ ಅರ್ಧ ಕುಪ್ಪಸದ ಗೊಂಬೆ. ಉಗುರು ಬಣ್ಣ ಹಚ್ಚಿ ಮುಚ್ಚುವ ವಿಚಾರ ನಿನ್ನ ತಲೆಯಲ್ಲಿ ಓಡುತ್ತಿದೆ ಅಂತ ನನಗೆ ಗೊತ್ತು. ಬೇಡ. ಇದ್ದ ಹಾಗೇ ಇರಲಿ. ಬಿಳಿ ಅರಿವೆಯ ಮೇಲೆ ಮಲಗಿಸಿ ಚೀಟಿ ಬರೆ: ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟೆ, ಯಾವ ತಾರೀಖು ಏನು ಮಾಡಿದೆ. ಎಂಟು ದಿನ ಆದ ಮೇಲೆ ಚೀಟಿ ಸಮೇತ ಕೆಳಗೆ ತಾ. ಬರುವಾಗ ಮೆಟ್ಟಿಲು ಒಂದೊಂದೇ ಇಳಿ, ಆ ಸ್ಯಾನಿಟೈಸರ್ ಬಾಟಲಿ ಮೇಲೆಯೇ ಇಟ್ಟು ಬಾ.